ಆಸ್ಪತ್ರೆಗೆ ಕಾರ್ಡಿದೆ, ಮನೆಯಲ್ಲಿ ಮಲಗಿದವರಿಗೆ ಏನಿದೆ?

ಸವಿತಾ, ಚನ್ನಗಿರಿ

ಇಲ್ಲಿ ಆಶಾ ಕಾರ್ಯಕರ್ತೆಯರು, ನರ್ಸ್‌ಗಳು, ಪಂಚಾಯಿತಿ ಕೆಲಸ ಗೊತ್ತಿರುವವರು ತುಂಬಾ ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮಮ್ಮನಿಗೆ ಸ್ಟ್ರೋಕ್ ಆಯಿತು. ಬಲಗಡೆ ಕೈಕಾಲು ಸ್ವಾಧೀನ ಇಲ್ಲ, ಮಾತು ತೊದಲುತ್ತದೆ. ಆಸ್ಪತ್ರೆಯಲ್ಲಿ ಆಯುಷ್ಮಾನ್ ಕಾರ್ಡ್ ನಡೆಯಿತು. ಐಸಿಯು, ಸ್ಕ್ಯಾನಿಂಗ್, ಔಷಧಿ ಯಾವುದಕ್ಕೂ ಬಡ್ಡಿಗೆ ದುಡ್ಡು ತರಲಿಲ್ಲ. ನಮ್ಮಜ್ಜನ ಕಾಲದಲ್ಲಿ ಆಗಿದ್ದರೆ ಇದ್ದ ಜಮೀನೂ ಹೋಗುತ್ತಿತ್ತು. ಹಾಗಾಗಿ ಯೋಜನೆಯನ್ನು ಬೈಯುವುದಕ್ಕೆ ಬಂದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಕಷ್ಟ ಶುರುವಾಗಿದ್ದು ಡಿಸ್ಚಾರ್ಜ್ ಆದ ಮೇಲೆ. ಡೈಪರ್, ಏರ್ ಬೆಡ್, ಫಿಸಿಯೋ, ಯೂರಿನ್ ಪೈಪ್ ಬದಲಾಯಿಸಲು ಪ್ರತಿ ಸಲ ಬಾಡಿಗೆ ಗಾಡಿ. ಇದೆಲ್ಲ ಕೈಯಿಂದಲೇ. ಅದಕ್ಕಿಂತ ದೊಡ್ಡ ನಷ್ಟ ನನ್ನ ದುಡಿಮೆ ನಿಂತಿದ್ದು. ಸೀಸನ್‌ನಲ್ಲಿ ಅಡಿಕೆ ಸುಲಿಯಲು ಹೋಗುತ್ತಿದ್ದೆ, ಡಬ್ಬಕ್ಕಿಷ್ಟು ಅಂತ ಕೂಲಿ. ಉಳಿದ ದಿನ ತೋಟದ ಕೆಲಸ. ಈಗ ಅಮ್ಮನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬಿಟ್ಟು ಹೋಗುವ ಹಾಗೇ ಇಲ್ಲ. ಮನೆಯವರ ಗೂಡ್ಸ್ ಆಟೋ ದುಡಿಮೆ, ಅಮ್ಮನ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿ 1,200 ರೂಪಾಯಿ, ನನ್ನ ಗೃಹಲಕ್ಷ್ಮಿ 2,000. ಇಷ್ಟರಲ್ಲೇ ಮನೆ ನಡೆಯಬೇಕು.

ನನ್ನ ಪ್ರಶ್ನೆ ಇಷ್ಟೇ. ಆಸ್ಪತ್ರೆಯಲ್ಲಿದ್ದಾಗ ವರ್ಷಕ್ಕೆ 5 ಲಕ್ಷದವರೆಗೆ ಕೊಡುವ ಸರ್ಕಾರ, ಅದೇ ರೋಗಿ ಮನೆಗೆ ಬಂದ ಮೇಲೆ ಒಂದು ರೂಪಾಯಿಯನ್ನೂ ಯಾಕೆ ಕೊಡುವುದಿಲ್ಲ? ಏನಾದರೂ ದಾರಿ ಇದೆಯಾ?

ಮಹೇಶ, ಹಿಂದೆ ಆರೋಗ್ಯಮಿತ್ರ ಆಗಿದ್ದವನು

ಸವಿತಕ್ಕ, ನಾನು ಕೆಲವು ವರ್ಷ ಆಸ್ಪತ್ರೆಯ ಯೋಜನೆ ಕೌಂಟರ್‌ನಲ್ಲಿ ಕೂತಿದ್ದೆ. ಡಿಸ್ಚಾರ್ಜ್ ದಿನ ಎಲ್ಲರೂ ಕೇಳುವ ಪ್ರಶ್ನೆ ಇದೇ.

ಯೋಜನೆ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾದರೆ ಯಾಕೆ ಸಿಗಲ್ಲ ಅನ್ನುವುದೂ ಗೊತ್ತಾಗುತ್ತೆ. 2018ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಆರೋಗ್ಯ ಕರ್ನಾಟಕ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು, ಅಕ್ಟೋಬರ್ ಕೊನೆಗೆ ಎರಡನ್ನೂ ಸೇರಿಸಿದರು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಒಳಗೆ.

ಇಲ್ಲಿ ಮುಖ್ಯವಾದ ವಿಷಯ ಪ್ಯಾಕೇಜ್. ಪ್ರತಿ ಚಿಕಿತ್ಸೆಗೂ ಒಂದು ಕೋಡ್, ಒಂದು ದರ. ಆಸ್ಪತ್ರೆ ಆ ಕೋಡ್ ಹಾಕಿ ಒಪ್ಪಿಗೆ ತಗೊಳ್ಳುತ್ತೆ, ಚಿಕಿತ್ಸೆ ಕೊಡುತ್ತೆ, ಕ್ಲೇಮ್ ಕಳಿಸುತ್ತೆ. ದುಡ್ಡು ಹೋಗುವುದು ಆಸ್ಪತ್ರೆಗೆ. ಮನೆಯಲ್ಲಿ ಮಗ್ಗುಲು ಬದಲಿಸುವುದಕ್ಕೆ ಕೋಡ್ ಇಲ್ಲ. ಗಂಜಿ ಕುಡಿಸುವುದಕ್ಕೆ ಕೋಡ್ ಇಲ್ಲ. ಕೇಂದ್ರದ ನಿಯಮದಲ್ಲಿ ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ, ಪರೀಕ್ಷೆ ಸೇರುತ್ತೆ. ಅಲ್ಲಿಗೆ ಮುಗಿಯಿತು. ಯಾರಿಗಾದರೂ ಆ 15 ದಿನದ ಔಷಧಿ ಕೊಡದೆ ಕಳಿಸಿದರೆ ಸುಮ್ನೆ ಬರಬೇಡಿ. ಕೌಂಟರ್‌ನಲ್ಲಿ ಕೇಳಿ, ಇಲ್ಲದಿದ್ದರೆ 14555ಕ್ಕೆ ಫೋನ್ ಮಾಡಿ.

ಸವಿತಾ, ಚನ್ನಗಿರಿ

15 ದಿನದ ವಿಷಯ ನಮಗೆ ಯಾರೂ ಹೇಳಲೇ ಇಲ್ಲ ಅಣ್ಣ. ಡಿಸ್ಚಾರ್ಜ್ ಚೀಟಿ ಕೊಟ್ಟು, ಹೊರಗಡೆ ಮೆಡಿಕಲ್‌ನಲ್ಲಿ ತಗೊಳ್ಳಿ ಅಂದರು.

ಲಕ್ಷ್ಮವ್ವ, ಆಶಾ, ಹಾವೇರಿ ಕಡೆ

ನನ್ನ ಏರಿಯಾದಾಗ ಸಾವಿರದ ಹತ್ತಿರ ಜನ ಅದಾರ. ಅದರಲ್ಲಿ ಹಾಸಿಗೆ ಹಿಡಿದವರು ಯಾರ್‍ಯಾರ ಮನೆಯಲ್ಲಿದ್ದಾರೆ ಅಂತ ನನಗೆ ಬಾಯಿಪಾಠ. ಆದರೆ ತಂಗಿ, ಅವರ ಹೆಸರು ಬರೆಯಲು ನನ್ನ ರಿಜಿಸ್ಟರ್‌ನಲ್ಲಿ ಜಾಗವೇ ಇಲ್ಲ. ಬಸುರಿ, ಬಾಣಂತಿ, ಮಗುವಿನ ಲಸಿಕೆ, ಟಿಬಿ, ಬಿಪಿ, ಶುಗರ್ ಎಲ್ಲದಕ್ಕೂ ಕಾಲಂ ಇದೆ. ಮೂರು ವರ್ಷದಿಂದ ಮಂಚ ಬಿಟ್ಟೇಳದ ಅಜ್ಜನಿಗೆ ಇಲ್ಲ. ಆದರೂ ದಾರಿಯಲ್ಲಿ ಹೋಗುವಾಗ ಒಳಗೆ ಹೋಗಿ ನೋಡಿ ಬರುತ್ತೇನೆ. ಆ ಮನೆಯ ಸೊಸೆ ಮಾತಾಡಲು ಒಬ್ಬರು ಸಿಕ್ಕರೆ ಸಾಕು ಅಂತ ಕಾಯುತ್ತಿರುತ್ತಾಳೆ.

ಇದನ್ನೂ ಆಶಾಗಳೇ ಮಾಡಲಿ ಅಂತ ಯಾರಾದರೂ ಹೇಳುವ ಮೊದಲು ಒಂದು ಮಾತು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ನಾವು ತಿಂಗಳಿಗೆ 15,000 ಕೇಳಿದೆವು. ಸರ್ಕಾರ ಒಪ್ಪಿದ್ದು 10,000. ಹೊಸ ಕೆಲಸ ಕೊಡುವುದಾದರೆ ಅದಕ್ಕೆ ಹೊಸ ಸಂಬಳವನ್ನೂ ಇಡಬೇಕು.

ರಾಘವೇಂದ್ರ, ದಾವಣಗೆರೆ

ಸವಿತಾ ಅವರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ತಂದೆ ತಾಯಿಯನ್ನು ನೋಡಿಕೊಳ್ಳುವುದಕ್ಕೂ ಸರ್ಕಾರ ದುಡ್ಡು ಕೊಡಬೇಕು ಅನ್ನುವುದು ನನಗೆ ಸರಿ ಕಾಣುವುದಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆಯೇ ಮಕ್ಕಳ ಮೇಲೆ ಆ ಜವಾಬ್ದಾರಿ ಹಾಕಿದೆ. ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಿದರೆ ಮಕ್ಕಳಿಂದ ತಿಂಗಳಿಗೆ 10,000ದವರೆಗೆ ಜೀವನಾಂಶ ಕೊಡಿಸುತ್ತಾರೆ. ಇನ್ನು ಲೆಕ್ಕ ನೋಡಿ. 2011ರ ಜನಗಣತಿಯಲ್ಲೇ ರಾಜ್ಯದಲ್ಲಿ 60 ದಾಟಿದವರು 57 ಲಕ್ಷಕ್ಕೂ ಜಾಸ್ತಿ ಇದ್ದರು. ಈಗ ಇನ್ನೂ ಜಾಸ್ತಿ. ಎಲ್ಲರ ಮನೆಗೂ ದುಡ್ಡು ಕೊಡಲು ಎಲ್ಲಿಂದ ತರುತ್ತಾರೆ? ಕೊಟ್ಟರೂ ಸುಳ್ಳು ಸರ್ಟಿಫಿಕೇಟ್ ಮಾಡಿಸುವವರು ಸಾಲುಗಟ್ಟಿ ನಿಲ್ಲುತ್ತಾರೆ.

ಸವಿತಾ, ಚನ್ನಗಿರಿ

ರಾಘವೇಂದ್ರ ಅವರೇ, ನೇರವಾಗಿ ಬರೆದಿದ್ದು ಒಳ್ಳೆಯದಾಯಿತು. ತುಂಬಾ ಜನರ ಮನಸ್ಸಿನಲ್ಲಿ ಇದೇ ಇದೆ.

ಆ ಕಾಯ್ದೆ ನೋಡಿಕೊಳ್ಳದ ಮಕ್ಕಳನ್ನು ಹಿಡಿಯುತ್ತದೆ. ನೋಡಿಕೊಳ್ಳುತ್ತಿರುವವರಿಗೆ ಅದರಲ್ಲಿ ಏನಿದೆ? ನಾನು ಅಮ್ಮನನ್ನು ಬಿಟ್ಟು ಹೋಗಿಲ್ಲ. ಬಿಡುವುದೂ ಇಲ್ಲ. ಅಮ್ಮನ ಮೇಲಿನ ಪ್ರೀತಿಗೆ ಬೆಲೆ ಕಟ್ಟಿ ಅಂತ ನಾನು ಕೇಳುತ್ತಿಲ್ಲ. ಕೂಲಿ ನಿಂತುಹೋದ ಮನೆಯಲ್ಲಿ ಇಬ್ಬರು ಮಕ್ಕಳೂ ಇದ್ದಾರೆ, ಅವರ ಫೀಸು, ಬಟ್ಟೆ, ಪುಸ್ತಕ ಎಲ್ಲಿಂದ ಬರಬೇಕು ಅಂತ ಕೇಳುತ್ತಿದ್ದೇನೆ. ಜವಾಬ್ದಾರಿ ಮಕ್ಕಳದು ಅನ್ನುತ್ತಾರೆ, ಆದರೆ ಮನೆಮನೆಗೆ ಹೋಗಿ ನೋಡಿದರೆ ಅದು ಮಗಳದು ಅಥವಾ ಸೊಸೆಯದು. ಕೆಲಸ ಬಿಡುವವಳು ಅವಳೇ.

ಎಲ್ಲ 60 ದಾಟಿದವರಿಗೂ ಕೊಡಿ ಅಂತ ನಾನು ಹೇಳಿಲ್ಲ. ಎದ್ದು ಓಡಾಡುವ ನಮ್ಮ ದೊಡ್ಡಪ್ಪನಿಗೆ ಬೇಕಿಲ್ಲ. ಮಂಚ ಬಿಟ್ಟು ಏಳಲಾಗದ, ಬಿಪಿಎಲ್ ಮನೆಯ ರೋಗಿಗೆ ಬೇಕು. ಸುಳ್ಳು ಸರ್ಟಿಫಿಕೇಟ್ ಭಯ ಇದ್ದರೆ ಲಕ್ಷ್ಮವ್ವಕ್ಕನಂಥವರನ್ನು ಕೇಳಲಿ. ಯಾರು ಮಲಗಿದ್ದಾರೆ, ಯಾರು ನಾಟಕ ಮಾಡುತ್ತಾರೆ ಅಂತ ಊರಿಗೇ ಗೊತ್ತಿರುತ್ತೆ ಅಲ್ವಾ?

ಅಶೋಕ, ಮಂಜೇಶ್ವರ

ಗಡಿಯ ಈಚೆಯಿಂದ ಬರೆಯುತ್ತಿದ್ದೇನೆ. ನಾವು ಕಾಸರಗೋಡಿನ ಕನ್ನಡದವರು, ಆದರೆ ಸರ್ಕಾರ ಕೇರಳದ್ದು. ನೀವು ಕೇಳುತ್ತಿರುವುದು ಇಲ್ಲಿ ಬಹುಪಾಲು ನಡೆಯುತ್ತಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ನೋವು ಶಮನದ ಒಂದು ಚಿಕ್ಕ ಕ್ಲಿನಿಕ್ ಶುರುವಾಯಿತು. ಡಾಕ್ಟರ್ ಎಂ.ಆರ್. ರಾಜಗೋಪಾಲ್, ಡಾಕ್ಟರ್ ಸುರೇಶ್ ಕುಮಾರ್ ಅದರ ಹಿಂದಿದ್ದವರು. ಆಮೇಲೆ ಮಲಪ್ಪುರಂ ಕಡೆ ಊರಿನವರೇ ತರಬೇತಿ ತಗೊಂಡು ರೋಗಿಗಳ ಮನೆಗೆ ಹೋಗತೊಡಗಿದರು. 2008ರಲ್ಲಿ ರಾಜ್ಯ ಸರ್ಕಾರ ಇದನ್ನು ನೀತಿಯಾಗಿ ಒಪ್ಪಿಕೊಂಡಿತು. ದೇಶದಲ್ಲಿ ಮೊದಲು ಮಾಡಿದ್ದು ಕೇರಳವೇ. ಅಂದಿನಿಂದ ಪಂಚಾಯತ್ ತನ್ನ ಯೋಜನೆಯ ದುಡ್ಡಿನಲ್ಲಿ ಒಬ್ಬ ನರ್ಸ್ ಇಟ್ಟುಕೊಳ್ಳುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಮೇಲ್ವಿಚಾರಣೆ.

ನಮ್ಮ ಅತ್ತೆ ಮಲಗಿದ್ದಾಗ ಕಣ್ಣಾರೆ ನೋಡಿದ್ದೇನೆ. ಗಾಡಿಯಲ್ಲಿ ನರ್ಸ್, ಆಶಾ, ಕೆಲವೊಮ್ಮೆ ವಾರ್ಡ್ ಮೆಂಬರ್ ಬರುತ್ತಿದ್ದರು. ಮಲಗಿ ಮಲಗಿ ಹುಣ್ಣಾಗಿದೆಯಾ ಅಂತ ನರ್ಸ್ ಮೊದಲು ಹಿಮ್ಮಡಿ ನೋಡುವುದು, ಆಮೇಲೆ ಸೊಂಟದ ಹಿಂದೆ. ಯೂರಿನ್ ಪೈಪ್ ಮನೆಯಲ್ಲೇ ಬದಲಾಯಿಸುತ್ತಿದ್ದರು. ಗಾಯ ತೊಳೆದು ಡ್ರೆಸಿಂಗ್ ಮಾಡುವುದನ್ನು ನನ್ನ ಹೆಂಡತಿಯ ಕೈಯಲ್ಲೇ ಮಾಡಿಸಿ ಕಲಿಸಿದರು. ಹೊರಡುವಾಗ ‘ನೀವು ರಾತ್ರಿ ಮಲಗುತ್ತೀರಾ?’ ಅಂತ ಅವಳನ್ನೇ ಕೇಳಿದರು. ಅಷ್ಟು ದಿನದಲ್ಲಿ ಅವಳ ಬಗ್ಗೆ ಯಾರೂ ಕೇಳಿರಲಿಲ್ಲ.

ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಅಂತ ಒಂದು ಯೋಜನೆ ಇದೆ, ತಿಂಗಳಿಗೆ 600 ರೂಪಾಯಿ. ತೀರಾ ಕಮ್ಮಿ, ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಅನ್ನುವ ದೂರೂ ಇದೆ. ನನ್ನನ್ನು ಕೇಳಿದರೆ 600ಕ್ಕಿಂತ ಆ ನರ್ಸ್ ಬರುವುದೇ ದೊಡ್ಡದು.

ರಾಘವೇಂದ್ರ, ದಾವಣಗೆರೆ

ಅಶೋಕ್ ಅವರೇ, ಪಂಚಾಯಿತಿಗೊಬ್ಬ ನರ್ಸ್ ಅನ್ನುವುದು ನನಗೂ ಒಪ್ಪಿಗೆ. ದುಡ್ಡು ಹಂಚುವುದಕ್ಕಿಂತ ಅದು ವಾಸಿ. ಕೇರಳದ ಪಂಚಾಯತ್‌ಗಳಿಗೆ ಇರುವಷ್ಟು ದುಡ್ಡು, ಅಧಿಕಾರ ನಮ್ಮವಕ್ಕೆ ಇಲ್ಲ, ಅದೇ ತೊಡಕು.

ಸಿಸ್ಟರ್ ಪ್ರಮೀಳಾ, ಮೈಸೂರು

ನೀತಿ ಬರುವಾಗ ಬರಲಿ, ಸವಿತಾ ಈ ರಾತ್ರಿಯೂ ಅಮ್ಮನನ್ನು ನೋಡಿಕೊಳ್ಳಬೇಕಲ್ಲ. ನಾನು ನರ್ಸ್. ಸ್ವಲ್ಪ ಕೆಲಸಕ್ಕೆ ಬರುವುದನ್ನು ಹೇಳುತ್ತೇನೆ.

ಮಗ್ಗುಲು ಬದಲಿಸುವಾಗ ಪ್ರತಿ ಸಲ ಹಿಮ್ಮಡಿ, ಸೊಂಟದ ಹಿಂದಿನ ಮೂಳೆ, ಸೊಂಟದ ಪಕ್ಕದ ಮೂಳೆ, ಕಿವಿ ನೋಡಮ್ಮ. ಎಲ್ಲಾದರೂ ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡು. ಒತ್ತಿದಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಇನ್ನೂ ಪರವಾಗಿಲ್ಲ, ಆ ಮಗ್ಗುಲಲ್ಲಿ ಮಲಗಿಸಬೇಡ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಬೇಗ ಕಾಣಲ್ಲ, ಆ ಜಾಗ ಬಿಸಿ ಅಥವಾ ಗಟ್ಟಿ ಇದೆಯಾ ಅಂತ ಮುಟ್ಟಿ ನೋಡು. ಕೆಂಪಾದ ಜಾಗವನ್ನು ತಿಕ್ಕಿ ಮಾಲೀಶ್ ಮಾಡಬೇಡ. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸಲೇಬೇಕು. ಎಳೆಯಬಾರದು, ಅಡಿಯಲ್ಲಿ ಹಳೇ ಸೀರೆ ಮಡಿಸಿ ಹಾಕಿ, ಎರಡು ಕಡೆಯಿಂದ ಇಬ್ಬರು ಎತ್ತಿ ಸರಿಸಬೇಕು.

ಮೂಗಿನ ನಳಿಕೆಯಲ್ಲಿ ಊಟ ಕೊಡುತ್ತಿದ್ದರೆ ರಾಗಿ ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸು, ಇಲ್ಲದಿದ್ದರೆ ನಳಿಕೆ ಕಟ್ಟಿಕೊಳ್ಳುತ್ತೆ. ಬೆನ್ನಿಗೆ ದಿಂಬು ಕೊಟ್ಟು ಒರಗಿಸಿ ಕೊಡು, ಕೊಟ್ಟ ಮೇಲೂ ಅರ್ಧ ಗಂಟೆ ಹಾಗೇ ಇರಲಿ. ಮಲಗಿಸಿ ಕೊಟ್ಟರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು.

ಈಗ ನೀತಿ ವಿಷಯಕ್ಕೆ ಬರುತ್ತೇನೆ. ಹುಣ್ಣಾಗಿ ಕೀವು ತುಂಬಿ ಮತ್ತೆ ಅಡ್ಮಿಟ್ ಆಗುವವರನ್ನು ವಾರ್ಡ್‌ನಲ್ಲಿ ನೋಡುತ್ತಲೇ ಇರುತ್ತೇನೆ. ಆಗ ಅದೇ ಕಾರ್ಡ್‌ನಿಂದ ಸಾವಿರಾರು ರೂಪಾಯಿ ಹೋಗುತ್ತದೆ. ಮನೆಗೆ ಒಬ್ಬ ನರ್ಸ್ ಹೋಗಿ ಹಿಮ್ಮಡಿ ನೋಡಿದ್ದರೆ ಆ ಅಡ್ಮಿಷನ್ನೇ ಬೇಕಿರಲಿಲ್ಲ. ಖರ್ಚಿನ ಲೆಕ್ಕ ಹಾಕುವವರು ಇದನ್ನೂ ಸೇರಿಸಿ ಹಾಕಲಿ.

ಜಯಂತಿ, ಪುತ್ತೂರು ತಾಲೂಕು

ಕರ್ನಾಟಕದಲ್ಲಿ ಇದು ಆಗಲ್ಲ ಅನ್ನುವವರಿಗೆ ನಮ್ಮ ಜಿಲ್ಲೆ ನೆನಪಿಸುತ್ತೇನೆ. ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳಲ್ಲಿ ಹುಟ್ಟಿನಿಂದಲೇ ಏಳಲಾಗದ ಮಕ್ಕಳಿದ್ದಾರೆ. ಊರವರು ವರ್ಷಗಟ್ಟಲೆ ಹೋರಾಡಿದ ಮೇಲೆ ಸರ್ಕಾರ ಅವರಿಗೆ ತಿಂಗಳ ಮಾಸಾಶನ ಕೊಟ್ಟಿತು. ಕೊಕ್ಕಡ, ಕೊಯಿಲದಲ್ಲಿ ಡೇ ಕೇರ್ ಕೇಂದ್ರ ತೆರೆಯಿತು. ಮಗು ಅಲ್ಲಿ ಹಗಲು ಇದ್ದರೆ ತಾಯಿ ಬೀಡಿ ಕಟ್ಟಬಹುದು, ತೋಟಕ್ಕೆ ಹೋಗಬಹುದು. ಸಾಕಾಗುವಷ್ಟು ಇದೆ ಅಂತ ಹೇಳುವುದಿಲ್ಲ. ತಾಯಿಗೆ ವಯಸ್ಸಾದ ಮೇಲೆ ಆ ಮಗುವಿನ ಗತಿ ಏನು ಅನ್ನುವ ಭಯ ಇಲ್ಲಿ ಪ್ರತಿ ಮನೆಯಲ್ಲಿದೆ. ಆದರೆ ದೀರ್ಘಕಾಲದ ಆರೈಕೆ ಸರ್ಕಾರದ ಕೆಲಸ ಅಂತ ಇಲ್ಲಿ ಒಪ್ಪಿಕೊಂಡಾಗಿದೆ. ಒಂದು ಕಡೆ ಒಪ್ಪಿದ್ದನ್ನು ಇನ್ನೊಂದು ಕಡೆ ಯಾಕೆ ಒಪ್ಪಬಾರದು?

ಶ್ರೀಧರ, ನ್ಯೂಜೆರ್ಸಿ

ಅಮೆರಿಕದ ಉದಾಹರಣೆ ಕೊಡುವವರು ಯಾವಾಗಲೂ ಇರುತ್ತಾರೆ, ಅದಕ್ಕೆ ಇಲ್ಲಿನದನ್ನು ಇದ್ದ ಹಾಗೆ ಹೇಳುತ್ತೇನೆ. ಇಲ್ಲಿ 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಅಂತ ಸರ್ಕಾರಿ ಆರೋಗ್ಯ ವಿಮೆ ಇದೆ. ಎರಡೂ 1965ರಲ್ಲಿ ಬಂದವು. ಮಲಗಿದವರ ವರ್ಷಗಟ್ಟಲೆ ಆರೈಕೆಗೆ ಮೆಡಿಕೇರ್ ಕೊಡುವುದಿಲ್ಲ, ಕೊಡುವುದು ಮೆಡಿಕೇಡ್. ಅದಕ್ಕೆ ಮೊದಲು ನೀವು ಬಡವರಾಗಬೇಕು. ಹಲವು ರಾಜ್ಯಗಳಲ್ಲಿ ಒಂಟಿ ವ್ಯಕ್ತಿಯ ಹೆಸರಲ್ಲಿ 2,000 ಡಾಲರ್‌ಗಿಂತ ಜಾಸ್ತಿ ಉಳಿತಾಯ ಇರಬಾರದು. ಹಿಂದಿನ ಐದು ವರ್ಷದಲ್ಲಿ ಮಕ್ಕಳಿಗೆ ಆಸ್ತಿ ಬರೆದುಕೊಟ್ಟಿದ್ದೀರಾ ಅಂತ ತಪಾಸಣೆ ಮಾಡುತ್ತಾರೆ. ತೀರಿಕೊಂಡ ಮೇಲೆ ಬಿಟ್ಟುಹೋದ ಆಸ್ತಿಯಿಂದ ಖರ್ಚು ವಸೂಲಿಯೂ ಇದೆ. ಒಳ್ಳೆಯದು ಅಂದರೆ, ಹಲವು ರಾಜ್ಯಗಳು ಮನೆಯಲ್ಲಿ ನೋಡಿಕೊಳ್ಳುವ ಮಗಳಿಗೋ ಸೊಸೆಗೋ ಮೆಡಿಕೇಡ್‌ನಿಂದಲೇ ಕೂಲಿ ಕೊಡುತ್ತವೆ.

ಜಪಾನ್ 2000ದಲ್ಲಿ, ಜರ್ಮನಿ 1995ರಲ್ಲಿ ಆರೈಕೆಗೇ ಬೇರೆ ವಿಮೆ ಮಾಡಿದವು, ಜನ ಅದಕ್ಕೆ ಕಂತು ಕಟ್ಟುತ್ತಾರೆ, ಜಪಾನ್‌ನಲ್ಲಿ 40 ವರ್ಷ ಆದ ಮೇಲೆ. ನಮ್ಮಲ್ಲಿ ಕೂಲಿಕಾರರ ಹತ್ತಿರ ಕಂತು ಕಟ್ಟಿಸಿಕೊಳ್ಳುವುದು ಕಷ್ಟ. ಹಾಗಾಗಿ ತೆರಿಗೆ ದುಡ್ಡಿನಲ್ಲಿ ನಡೆಯುವ ಕೇರಳದ ದಾರಿಯೇ ನಮಗೆ ಹತ್ತಿರ ಅಂತ ನನ್ನ ಅನಿಸಿಕೆ.

ಬಸವರಾಜ, ವಿಆರ್‌ಡಬ್ಲ್ಯೂ

ನಾನು ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತ. ಸವಿತಕ್ಕ, ನಿಮ್ಮ ಪಂಚಾಯಿತಿಯಲ್ಲೂ ನನ್ನಂಥವರು ಒಬ್ಬರು ಇರಬೇಕು, ಮೊದಲು ಅವರನ್ನು ಹಿಡಿಯಿರಿ. ಸ್ಟ್ರೋಕ್‌ನಿಂದ ಕೈಕಾಲು ಹೋದವರಿಗೂ ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಸಿಗುತ್ತದೆ. ತಕ್ಷಣ ಕೊಡುವುದಿಲ್ಲ, ಎಷ್ಟು ಚೇತರಿಸಿಕೊಳ್ಳುತ್ತಾರೆ ಅಂತ ಕೆಲವು ತಿಂಗಳು ಕಾದು ನೋಡುತ್ತಾರೆ. ವೃದ್ಧಾಪ್ಯದ್ದು, ಅಂಗವಿಕಲರದ್ದು ಎರಡೂ ಪಿಂಚಣಿ ಒಟ್ಟಿಗೆ ಬರುವುದಿಲ್ಲ. ಯಾವುದು ಜಾಸ್ತಿ ಅಂತ ನಾಡಕಚೇರಿಯಲ್ಲಿ ವಿಚಾರಿಸಿ ಆರಿಸಿಕೊಳ್ಳಿ. ವೀಲ್‌ಚೇರ್, ವಾಕರ್ ಥರದ್ದು ಬಿಪಿಎಲ್ ಹಿರಿಯರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಪುಕ್ಕಟೆ ಕೊಡುತ್ತಾರೆ. ಶಿಬಿರ ಎಲ್ಲಿ, ಯಾವಾಗ ಅಂತ ತಿಳಿಯಲು ಹಿರಿಯರ ಸಹಾಯವಾಣಿ 14567 ಇದೆ.

ಇನ್ನೊಂದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ, ಜಾಸ್ತಿ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಅಂತ ಸ್ಪಷ್ಟವಾಗಿ ಬರೆದಿದೆ. 2024-25ರ ರಾಜ್ಯ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ಘೋಷಿಸಿದರು. ಸ್ಟ್ರೋಕ್ ಆ ಪಟ್ಟಿಯಲ್ಲಿರಲಿಲ್ಲ. ಬೆನ್ನುಹುರಿ ಪೆಟ್ಟೂ ಇರಲಿಲ್ಲ. ಮಲಗಿದವರನ್ನು ಎತ್ತುವ ಕೆಲಸ ಎಲ್ಲರ ಮನೆಯಲ್ಲೂ ಒಂದೇ. ರೋಗದ ಹೆಸರು ನೋಡಿ ಭತ್ಯೆ ಕೊಡುವುದು ನ್ಯಾಯ ಅಲ್ಲ.

ಸವಿತಾ, ಚನ್ನಗಿರಿ

ಇಷ್ಟು ವಿಷಯ ಒಂದೇ ಕಡೆ ಯಾವ ಕಚೇರಿಯಲ್ಲೂ ನನಗೆ ಸಿಕ್ಕಿರಲಿಲ್ಲ. ಮಹೇಶಣ್ಣ, ನಮ್ಮ ಉಪಕೇಂದ್ರಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡ್ ಹಾಕಿದ್ದಾರೆ. ಅಲ್ಲಿ ಒಬ್ಬರು ಸಮುದಾಯ ಆರೋಗ್ಯ ಅಧಿಕಾರಿ ಕೂತಿರುತ್ತಾರೆ. ಅವರು ಮನೆಗೆ ಬರಬೇಕು ಅಂತ ನಿಯಮ ಇದೆಯಾ?

ಮಹೇಶ, ಹಿಂದೆ ಆರೋಗ್ಯಮಿತ್ರ ಆಗಿದ್ದವನು

ಇದೆ. ಆ ಕೇಂದ್ರಗಳು ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ಹಿರಿಯರ ಆರೈಕೆ ಮತ್ತು ಉಪಶಾಮಕ ಆರೈಕೆ (ವಾಸಿಯಾಗದ ರೋಗಿಗಳ ನೋವು, ಕಷ್ಟ ಕಮ್ಮಿ ಮಾಡುವುದು) ಒಂದು. ಅಂದರೆ ಕೆಲಸ ಕಾಗದದ ಮೇಲೆ ಆಗಲೇ ಅವರದ್ದೇ. ಆದರೆ ಒಬ್ಬರ ಮೇಲೆ ಐದು ಸಾವಿರ ಜನರ ಜವಾಬ್ದಾರಿ, ಮೇಲೆ ದಿನಾ ಆನ್‌ಲೈನ್ ಎಂಟ್ರಿ. ಕೇಳದೆ ಅವರಾಗೇ ಬರುವುದಿಲ್ಲ. ಬರವಣಿಗೆಯಲ್ಲಿ ಕೇಳಿ.

ಲಕ್ಷ್ಮವ್ವ, ಆಶಾ, ಹಾವೇರಿ ಕಡೆ

ಹೌದು, ಬರೆದು ಕೊಟ್ಟರೆ ನಮಗೂ ಧೈರ್ಯ. ಮೇಲಿನವರು ಕೇಳಿದಾಗ ತೋರಿಸಬಹುದು. ಒಬ್ಬರೇ ಕೊಡಬೇಡ ತಂಗಿ. ಮಲಗಿದವರ ಮನೆಗಳಿಗೆಲ್ಲ ನಿಮ್ಮೂರ ಆಶಾ ಜೊತೆ ಹೋಗಿ ಹೆಸರು ಬರೆದುಕೋ.

ಸವಿತಾ, ಚನ್ನಗಿರಿ

ಹಾಗೇ ಮಾಡುತ್ತೇನೆ ಅಕ್ಕ. ನಮ್ಮ ಓಣಿಯಲ್ಲೇ ಇನ್ನೂ ಎರಡು ಮನೆ ಗೊತ್ತು. ಒಂದು ಮನೆಯಲ್ಲಿ ತೆಂಗಿನ ಮರದಿಂದ ಬಿದ್ದ ಹುಡುಗ ಇದ್ದಾನೆ. ಅವನಿಗೆ ಅಜ್ಜಿಯೇ ದಿಕ್ಕು.

ನಾನು ಬರೆಯಬೇಕು ಅಂದುಕೊಂಡಿರುವುದು ಹೀಗೆ. ಮಲಗಿದವರ ಪಟ್ಟಿ ಆಶಾ ರಿಜಿಸ್ಟರ್‌ನಲ್ಲಿ ಸೇರಬೇಕು. ತಿಂಗಳಿಗೆ ಒಮ್ಮೆಯಾದರೂ ನರ್ಸ್ ಅಥವಾ ಸಮುದಾಯ ಆರೋಗ್ಯ ಅಧಿಕಾರಿ ಮನೆಗೆ ಬಂದು ಪೈಪ್ ಬದಲಾಯಿಸಿ, ಗಾಯ ನೋಡಬೇಕು. ನೋಡಿಕೊಳ್ಳುವವರಿಗೆ ಭತ್ಯೆ ಕೊಡುವಾಗ ರೋಗದ ಹೆಸರು ಕೇಳದೆ, ಎದ್ದು ಓಡಾಡಲು ಆಗುತ್ತಾ ಇಲ್ವಾ ಅಂತ ಮಾತ್ರ ನೋಡಬೇಕು. ಏನಾದರೂ ಬಿಟ್ಟಿದ್ದರೆ ಹೇಳಿ.

ಬಸವರಾಜ, ವಿಆರ್‌ಡಬ್ಲ್ಯೂ

ಒಂದು ಬಿಟ್ಟಿದ್ದೀರಿ. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ 5 ಅಂಗವಿಕಲರಿಗೆ ತೆಗೆದಿಡಬೇಕು. ಆ ದುಡ್ಡಿನಲ್ಲಿ ಏರ್ ಬೆಡ್, ಕಮೋಡ್ ಚೇರ್ ಕೊಂಡು ಪಂಚಾಯಿತಿಯಲ್ಲೇ ಇಟ್ಟುಕೊಂಡು, ಬೇಕಾದ ಮನೆಗೆ ಕೊಟ್ಟು ಆಮೇಲೆ ವಾಪಸ್ ತಗೊಳ್ಳಲಿ ಅಂತ ಬರೆಯಿರಿ. ಅರ್ಜಿಯನ್ನು ಕ್ರಿಯಾಯೋಜನೆ ಮಾಡುವ ಮೊದಲೇ ಗ್ರಾಮಸಭೆಯಲ್ಲಿ ಕೊಡಬೇಕು, ಆಮೇಲೆ ಕೊಟ್ಟರೆ ಮುಂದಿನ ವರ್ಷಕ್ಕೆ ತಳ್ಳುತ್ತಾರೆ. ಸಭೆಯ ನಡಾವಳಿ ಪುಸ್ತಕದಲ್ಲಿ ನಿಮ್ಮ ಬೇಡಿಕೆ ಬರೆದಿದ್ದಾರಾ ಅಂತ ಓದಿ ನೋಡಿ ಸಹಿ ಹಾಕಿ. ಅರ್ಜಿಯ ಇನ್ನೊಂದು ಪ್ರತಿಗೆ ಪಂಚಾಯಿತಿ ಸೀಲ್ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.